ಅದು ಗೇಟಿಗೆ ಹಚ್ಚುವ ಬಣ್ಣ ಅಲ್ಲ

ಈಗಷ್ಟೇ ಮನೆಗೆ ಬಂದೆ. ಚಹಾ ಕೂಡ ಕುಡಿದಿಲ್ಲ. ಸಿಟ್ಟು ಆರುವ ಮೊದಲೇ ಬರೆದುಬಿಡೋಣ ಅಂತ ಕೂತಿದ್ದೀನಿ.

ನಮ್ಮ ಕಲಬುರಗಿಯಲ್ಲಿ ಈ ವಾರ ಒಂದು ಪ್ರದರ್ಶನ ನಡೀತಾ ಇದೆ. ಇಬ್ಬರು ಕಲಾವಿದರು, ಒಂದೇ ಹಾಲ್, ಮೂವತ್ತರ ಆಸುಪಾಸು ಕೆಲಸಗಳು. ಎಲ್ಲವೂ ಎನಾಮಲ್. ಒಬ್ಬಾಕೆ ವಡೋದರಾದಿಂದ ಬಂದಿದ್ದಾರೆ, ಇನ್ನೊಬ್ಬರು ಹೈದರಾಬಾದಿನವರು. ಕೇಳದೆ ಹೆಸರು ಹಾಕೋದು ಸರಿಯಲ್ಲ ಅಂತ ಹಾಕ್ತಿಲ್ಲ. ನಾನು ಉದ್ಘಾಟನೆಯ ದಿನ ಹೋಗಿದ್ದೆ, ಇವತ್ತು ಮತ್ತೆ ಹೋದೆ. ಡ್ರಾಯಿಂಗ್ ಟೀಚರ್ ಕೆಲಸ ಬಿಟ್ಟು ಮೂರು ವರ್ಷವಾದರೂ ಇಂಥದ್ದು ಬಂದರೆ ಕಾಲು ತಾನಾಗೇ ಆ ಕಡೆ ಹೊರಡುತ್ತೆ. ನಿಮಗೆಲ್ಲ ಗೊತ್ತೇ ಇದೆ.

ಇವತ್ತು ಏನಾಯ್ತು ಅಂದ್ರೆ, ಒಂದು ಕುಟುಂಬ ಬಂತು. ಗಂಡ, ಹೆಂಡತಿ, ಮಗಳು, ಜೊತೆಗೆ ಒಬ್ಬರು ಹಿರಿಯರು. ನೇರ ಹೋಗಿ ಒಂದು ನೀಲಿ ತಟ್ಟೆಯ ಮುಂದೆ ನಿಂತರು. ನನಗೂ ಆ ಪ್ರದರ್ಶನದಲ್ಲಿ ಎಲ್ಲಕ್ಕಿಂತ ಇಷ್ಟವಾದ ಕೆಲಸ ಅದೇ. ಅಂಗೈಗಿಂತ ಸ್ವಲ್ಪ ದೊಡ್ಡದು. ಕೂದಲಿನಷ್ಟು ಸಣ್ಣ ಬೆಳ್ಳಿ ತಂತಿಯನ್ನು ಬಳಸಿ ಬಳಸಿ ಮನೆಗಳನ್ನು ಮಾಡಿದ್ದಾರೆ. ಒಂದೊಂದು ಮನೆಯೊಳಗೂ ಒಂದೊಂದು ನೀಲಿ. ನಡುವಿಗೆ ಹೋದಂತೆ ನೀಲಿ ಗಾಢವಾಗುತ್ತಾ ಹೋಗುತ್ತೆ. ಮಧ್ಯಾಹ್ನದ ಹೊತ್ತು ಬಾವಿಯ ಕಟ್ಟೆ ಹಿಡಿದು ಕೆಳಗೆ ಇಣುಕಿದ ಹಾಗೆ.

ಅವರೂ ಇಣುಕಿದರು. ಹುಡುಗಿ ಬಾಯಿ ತೆರೆದು ನಿಂತಿದ್ದಳು. ಆಗ ಆಕೆಯ ಅಪ್ಪ ಪಕ್ಕದ ಚೀಟಿ ಓದಿದರು.

"ಎನಾಮಲ್ ಅಂತ ಬರದಾರ ನೋಡ್ರಿ. ಗೇಟಿಗಿ ಹಚ್ತೀವಲ್ಲ, ಅದೇ."

"ಹೌದಾ? ಗೇಟಿನ ಬಣ್ಣಕ್ಕ ಇಷ್ಟ್ ರೊಕ್ಕಾ?" ಅಂದರು ಹಿರಿಯರು.

ಮುಗೀತು. ಮುಂದಿನ ಗೋಡೆಯನ್ನು ಅವರು ನಿಂತು ನೋಡಲೇ ಇಲ್ಲ. ನಡೆಯುತ್ತಲೇ ನೋಡಿದರು, ಹೊರಗೆ ಹೋದರು. ನಾನು ಬಾಯಿ ತೆರೆಯುವಷ್ಟರಲ್ಲಿ ಮೆಟ್ಟಿಲು ಇಳಿದಿದ್ದರು.

ಅವರ ಮೇಲೆ ನನಗೆ ಒಂದಿಷ್ಟೂ ಸಿಟ್ಟಿಲ್ಲ. ಅವರು ಓದಿದ್ದು ಸರಿಯಾಗಿಯೇ ಓದಿದ್ದಾರೆ. ಚೀಟಿಯಲ್ಲಿ ಇದ್ದದ್ದು ಇಂಗ್ಲಿಷಿನ ಒಂದೇ ಸಾಲು: ವಿಟ್ರಿಯಸ್ ಎನಾಮಲ್ ಆನ್ ಕಾಪರ್. ಕೆಳಗೆ ಅಳತೆ, ಬೆಲೆ. ಇಡೀ ಹಾಲಿನಲ್ಲಿ ಕನ್ನಡದ ಒಂದಕ್ಷರ ಇಲ್ಲ. ಎನಾಮಲ್ ಅಂದರೆ ನಮಗೆ ಗೊತ್ತಿರೋದು ಯಾವುದು ಹೇಳಿ. ಹಾರ್ಡ್‌ವೇರ್ ಅಂಗಡಿಯ ಡಬ್ಬಿ. ಕಿಟಕಿ ಸರಳಿಗೆ, ಗೇಟಿಗೆ, ಟ್ರಂಕಿಗೆ ಹಚ್ಚುವ ಬಣ್ಣ. ಇಲ್ಲಾಂದ್ರೆ ಹಲ್ಲಿನ ಡಾಕ್ಟರು ಹೇಳುವ ಎನಾಮಲ್. ಈ ಮೂರಕ್ಕೂ ಒಂದೇ ಹೆಸರು ಬಿದ್ದಿದೆ. ಇದು ಬೇರೆ ಅಂತ ಯಾರಾದರೂ ಹೇಳಿದರೆ ತಾನೇ ಗೊತ್ತಾಗೋದು?

ಅದು ಗಾಜು. ಬಣ್ಣ ಅಲ್ಲ, ಗಾಜು. ಈ ಒಂದು ಮಾತನ್ನು ಯಾರೂ ಹೇಳಲಿಲ್ಲ.

ಬಣ್ಣದ ಗಾಜನ್ನು ಹಿಟ್ಟಿನ ಹಾಗೆ ಪುಡಿ ಮಾಡ್ತಾರೆ. ತಾಮ್ರದ ತಗಡನ್ನು ಕತ್ತರಿಸಿ, ಸ್ವಲ್ಪ ಉಬ್ಬು ಕೊಟ್ಟು, ಜಿಡ್ಡು ಒಂಚೂರೂ ಉಳಿಯದ ಹಾಗೆ ಹುಳಿ ಹಚ್ಚಿ ತಿಕ್ಕುತ್ತಾರೆ. ನಾವು ಹಬ್ಬಕ್ಕೆ ತಾಮ್ರದ ಕೊಡ ತಿಕ್ಕೋದು ಹುಣಸೆಹಣ್ಣು ಉಪ್ಪು ಹಾಕಿ ಅಲ್ವಾ, ಲೆಕ್ಕ ಅದೇ. ಆಮೇಲೆ ಸಣ್ಣ ಸಾಣಿಗೆಯಲ್ಲಿ ಗಾಜಿನ ಪುಡಿಯನ್ನು ಅದರ ಮೇಲೆ ಉದುರಿಸುತ್ತಾರೆ. ಭಟ್ಟಿಯಲ್ಲಿ 800 ಡಿಗ್ರಿ ಸೆಲ್ಸಿಯಸ್‌ನ ಆಚೀಚೆ ಕಾವು. ನಮ್ಮೂರಲ್ಲಿ ಬೇಸಿಗೆಗೆ 44 ಆದರೆ ನಾವು ಬಾಗಿಲು ಹಾಕಿಕೊಂಡು ಮಲಗ್ತೀವಿ. ಆ 800ರಲ್ಲಿ ತಟ್ಟೆ ಇರೋದು ಎರಡು-ಮೂರು ನಿಮಿಷ ಅಷ್ಟೇ. ಅಷ್ಟರಲ್ಲೇ ಪುಡಿ ಕರಗಿ ತಾಮ್ರಕ್ಕೆ ಕಚ್ಚಿಕೊಳ್ಳುತ್ತೆ. ತಾಮ್ರ ಕರಗೋದು 1,085 ಡಿಗ್ರಿಗೆ, ಹಾಗಾಗಿ ತಗಡು ಉಳಿಯುತ್ತೆ, ಗಾಜು ಹರಿಯುತ್ತೆ.

ಇದನ್ನೆಲ್ಲ ನನಗೆ ಹೇಳಿದ್ದು ಆ ಕಲಾವಿದೆಯೇ. ಹಿಂದಿಯಲ್ಲಿ ಮಾತಾಡಿದೆವು. ಫೋನಿನಲ್ಲಿ ಒಂದು ವಿಡಿಯೋ ತೋರಿಸಿದರು. ಭಟ್ಟಿಯ ಬಾಗಿಲಿನ ಸಂದಿಯಿಂದ ತೆಗೆದದ್ದು. ಪುಡಿ ಮೊದಲು ಕರಗಲು ಶುರುವಾದಾಗ ಸಕ್ಕರೆ ಚೆಲ್ಲಿದ ಹಾಗೆ ಕಾಣುತ್ತೆ. ಆಮೇಲೆ ಕಿತ್ತಳೆ ಹಣ್ಣಿನ ಸಿಪ್ಪೆಯ ಹಾಗೆ ಗುಳಿ ಗುಳಿ. ಆಮೇಲೆ ಒಮ್ಮೆಲೇ ನುಣುಪು, ನೀರು ನಿಂತ ಹಾಗೆ. ಆ ಗಳಿಗೆಗೆ ಸರಿಯಾಗಿ ಹೊರಗೆ ತೆಗೀಬೇಕು. ಹೊರಗೆ ಬಂದಾಗ ತಟ್ಟೆ ಕೆಂಡ. ಯಾವ ಬಣ್ಣವೂ ಅದರ ಬಣ್ಣದಲ್ಲಿ ಇರಲ್ಲ. ಕೆಂಪು ಕಪ್ಪಗಿರುತ್ತೆ. ತಣ್ಣಗಾಗುತ್ತಾ ಒಂದೊಂದೇ ಬಣ್ಣ ವಾಪಸ್ ಬರುತ್ತೆ. ಆ ವಿಡಿಯೋವನ್ನು ನಾನು ಮೂರು ಸಲ ನೋಡಿದೆ. ಅದನ್ನು ಹಾಲಿನಲ್ಲಿ ಒಂದು ಟಿವಿಗೆ ಹಾಕಿಟ್ಟಿದ್ದರೆ ಸಾಕಿತ್ತು. ಟಿವಿ ಇತ್ತು, ಗೋಡೆಯ ಮೇಲೇ ಇತ್ತು. ಅದರಲ್ಲಿ ಉದ್ಘಾಟನೆಯ ಫೋಟೋಗಳು ಓಡ್ತಾ ಇದ್ದವು.

ಆ ನೀಲಿ ತಟ್ಟೆ ಹನ್ನೊಂದು ಸಲ ಬೆಂಕಿಗೆ ಹೋಗಿ ಬಂದಿದೆ. ಪ್ರತಿ ಸಲವೂ ಒಡೆಯುವ ಭಯ. ಹತ್ತು ಸಲ ಉಳಿದದ್ದು ಹನ್ನೊಂದನೆಯದಕ್ಕೆ ಹೋಗಬಹುದು.

ನಾನು ನೋಡ್ತಾ ಇದ್ದ ಹಾಗೆ ಆಕೆ ತಟ್ಟೆಯನ್ನು ಗೋಡೆಯಿಂದ ತೆಗೆದು ತಿರುಗಿಸಿ ನನ್ನ ಕೈಗೆ ಕೊಟ್ಟರು. ಹಿಂಭಾಗ. ಅಲ್ಲೂ ಗಾಜು ಇತ್ತು! ಮಸುಕು ಬೂದು, ಅಲ್ಲಲ್ಲಿ ಹಸಿರು ಚುಕ್ಕೆ, ಮಿಕ್ಕಿದ ಪುಡಿಗಳನ್ನೆಲ್ಲ ಸೇರಿಸಿ ಹಾಕಿದ್ದು. ಅದರಲ್ಲಿ ಎಳ್ಳಿನಷ್ಟು ಸಣ್ಣ ಮೂರು ಕಲೆ. ಭಟ್ಟಿಯೊಳಗೆ ತಟ್ಟೆ ಕೂರುವ ಮೂರು ಮೊನೆಯ ಸ್ಟ್ಯಾಂಡಿನ ಗುರುತು. ಯಾರೂ ನೋಡದ ಹಿಂಬದಿಗೆ ಯಾಕೆ ಗಾಜು ಅಂತ ಕೇಳಿದೆ. ತಣ್ಣಗಾಗುವಾಗ ತಾಮ್ರ ಗಾಜಿಗಿಂತ ಜಾಸ್ತಿ ಕುಗ್ಗುತ್ತೆ. ಒಂದೇ ಬದಿಗೆ ಗಾಜಿದ್ದರೆ ತಟ್ಟೆ ಸೊಟ್ಟಗಾಗುತ್ತೆ, ಗಾಜು ಚಟ್ ಅಂತ ಸಿಡಿಯುತ್ತೆ. ಕೆಂಡದ ಮೇಲೆ ಒಂದೇ ಮಗ್ಗುಲು ಸುಟ್ಟ ಹಪ್ಪಳ ಸುರುಳಿ ಆಗಲ್ವಾ, ಹಾಗೆ. ಅದಕ್ಕೆ ಎರಡೂ ಬದಿಗೆ ಗಾಜು ಹಾಕಿ ಎಳೆತ ಸಮ ಮಾಡ್ತಾರೆ. ಉಗುರಿನಿಂದ ಅಂಚು ತಟ್ಟಿ ನೋಡಿ ಅಂದರು. ತಟ್ಟಿದೆ. ಟಿಣ್ ಅಂತು. ಬಳೆಯ ಸದ್ದು.

ಅದನ್ನು ಕೈಯಲ್ಲಿ ಹಿಡಿದಾಗ ನನ್ನ ಕಣ್ಣು ತುಂಬಿ ಬಂತು. ನಿಜವಾಗಲೂ. ಆ ಹುಡುಗಿಯ ಕೈಗೆ ಇದನ್ನು ಕೊಡಬೇಕಿತ್ತು ಅನಿಸಿತು.

ಇನ್ನೊಬ್ಬ ಕಲಾವಿದರದು ಪೂರ್ತಿ ಬೇರೆ ದಾರಿ. ಕಪ್ಪು, ಬಿಳಿ, ಅಷ್ಟೇ. ಮೊದಲು ಕಪ್ಪು ಗಾಜನ್ನು ಸುಟ್ಟುಕೊಂಡು ಅದರ ಮೇಲೆ ಬಿಳಿ ಪುಡಿ ಉದುರಿಸಿ, ಪುಡಿ ಇನ್ನೂ ಹಸಿ ಇರುವಾಗ, ಅಂದರೆ ಸುಡುವ ಮುಂಚೆ, ಸೂಜಿಯಿಂದ ಗೀರುತ್ತಾರೆ. ಗೀರಿದಲ್ಲಿ ಕೆಳಗಿನ ಕಪ್ಪು ಕಾಣುತ್ತೆ. ಸೀನಿದರೆ ಚಿತ್ರ ಹೋಯ್ತು. ಅವರು ಜಾಲಿ ಗಿಡಗಳನ್ನು ಗೀರಿದ್ದಾರೆ. ಒಂದೊಂದು ಮುಳ್ಳೂ ಇದೆ. ನಮ್ಮ ಕೆರೆ ದಂಡೆ, ರೈಲು ಹಳಿಯ ಪಕ್ಕ ಎಲ್ಲ ನೋಡಿದ ಜಾಲಿಯೇ. ನೋಡೋರಿಗೆ ಗಿಡದ ಗುರುತು ಹತ್ತುತ್ತೆ, ಆದರೆ ಅದು ಪೆನ್ನಿನ ಗೆರೆ ಅಂತ ತಿಳಿದು ಮುಂದೆ ಹೋಗ್ತಾರೆ. ಹೇಳೋರು ಇಲ್ಲ.

ಉದ್ಘಾಟನೆಯ ದಿನ ಸುಮಾರು ಒಂದೂವರೆ ಗಂಟೆ ಭಾಷಣ ಆಯಿತು. ಕಲೆ ನಾಡಿನ ಕಣ್ಣು ಅಂದರು. ಈ ಭಾಗದಲ್ಲಿ ಕಲೆಗೆ ಪ್ರೋತ್ಸಾಹ ಬೇಕು ಅಂದರು. ಶಾಲು ಹೊದಿಸಿದರು, ಹಾರ ಹಾಕಿದರು. ಮಾತಾಡಿದ ಆರು ಜನರಲ್ಲಿ ಒಬ್ಬರ ಬಾಯಲ್ಲೂ ಗಾಜು ಅನ್ನುವ ಮಾತು ಬರಲಿಲ್ಲ. ಬೆಂಕಿ ಅನ್ನುವ ಮಾತೂ ಬರಲಿಲ್ಲ. ನಾನು ಎರಡನೇ ಸಾಲಿನಲ್ಲಿ ಕೂತು ಕಾಯ್ತಾ ಇದ್ದೆ. ಈಗ ಹೇಳ್ತಾರೆ, ಈಗ ಹೇಳ್ತಾರೆ ಅಂತ. ಕಲಾವಿದರಿಬ್ಬರಿಗೂ ಮಾತಾಡಲು ಎರಡೆರಡು ನಿಮಿಷ ಕೊಟ್ಟರು. ಅವರು ಧನ್ಯವಾದ ಹೇಳಿ ಕೂತರು.

ಒಬ್ಬ ಗೆಳತಿಗೆ ಇದನ್ನು ಹೇಳಿದರೆ, "ಕಲೆಗೆ ವಿವರಣೆ ಯಾಕೆ? ನೋಡಿದರೆ ಸಾಕು. ಗೋಡೆ ತುಂಬ ಬರೆದರೆ ಅದು ಪಾಠಶಾಲೆ ಆಗುತ್ತೆ" ಅಂದಳು. ಈ ಮಾತನ್ನು ನಾನೂ ಒಂದು ಕಾಲದಲ್ಲಿ ಆಡಿದ್ದೆ. ಬಣ್ಣದ ಚಿತ್ರಕ್ಕೆ ಅದು ಸರಿ ಇರಬಹುದು. ಈ ಊರಿನ ಜನಕ್ಕೆ ಚಿತ್ರ ನೋಡೋದನ್ನು ಯಾರೂ ಕಲಿಸಬೇಕಾಗಿಲ್ಲ. ಎಸ್. ಎಂ. ಪಂಡಿತರು ಹುಟ್ಟಿದ ಊರು ಇದು. ಅವರು ಬರೆದ ದೇವರ ಚಿತ್ರಗಳು ಕ್ಯಾಲೆಂಡರ್ ಆಗಿ ಮನೆ ಮನೆಯ ಗೋಡೆಗೆ ಬಂದವು. ಆದರೆ ಇಲ್ಲಿ ಅರ್ಧ ಕೆಲಸ ಕಣ್ಣಿಗೆ ಕಾಣದ ಕಡೆ ಆಗಿದೆ, ಭಟ್ಟಿಯೊಳಗೆ. ಅದನ್ನು ಬರೀ ನೋಡಿ ತಿಳ್ಕೊಳ್ಳಿ ಅಂದರೆ ಹೇಗೆ? ಮತ್ತೆ, ಏನೂ ಹೇಳದೇ ಇದ್ದರೂ ಆಗ್ತಿತ್ತು. ಆದರೆ ಎನಾಮಲ್ ಅಂತ ಬರೆದು ಬಿಟ್ಟಿದ್ದಾರಲ್ಲ. ಅದೂ ಒಂದು ವಿವರಣೆಯೇ. ನಮ್ಮ ಜನಕ್ಕೆ ತಪ್ಪು ಅರ್ಥ ಕೊಡುವ ವಿವರಣೆ.

ನನ್ನ ಸಂಕಟ ಏನಂದ್ರೆ, ಸರಿಯಾದ ಪದ ನಮ್ಮ ಹತ್ತಿರವೇ ಇದೆ. ಮೀನಾ. ಬಂಗಾರದ ಅಂಗಡಿಗೆ ಹೋದ ಯಾವ ಹೆಣ್ಣುಮಗಳನ್ನಾದರೂ ಕೇಳಿ. ಝುಮುಕಿ ಮೇಲೆ ಕೆಂಪು, ಹಸಿರು ತುಂಬಿರ್ತಾರಲ್ಲ, ಅದು ಮೀನಾ. ನಮ್ಮ ಅಜ್ಜಿಯ ಬಾಯಲ್ಲೂ ಇದ್ದ ಪದ. ಅಸಲಿ ಮೀನಾ ಕೆಲಸ ಅಂದರೆ ಇದೇ, ಲೋಹದ ಮೇಲೆ ಗಾಜು ಸುಡೋದು. ಈಗ ತುಂಬ ಕಡೆ ಭಟ್ಟಿಯೇ ಇಲ್ಲದೆ ತಣ್ಣನೆ ಬಣ್ಣ ತುಂಬಿ ಅದಕ್ಕೂ ಮೀನಾ ಅಂತಾರೆ, ಅದು ಬೇರೆ ಮಾತು. ಜೈಪುರದ ಮೀನಾಕಾರಿ ಲೋಕಕ್ಕೆಲ್ಲ ಗೊತ್ತು. ವಾರಾಣಸಿಯಲ್ಲಿ ಗುಲಾಬಿ ಮೀನಾಕಾರಿ ಅಂತಲೇ ಒಂದು ಬಗೆ ಇದೆ. ಇನ್ನೂ ಹಿಂದೆ ಹೋದರೆ, ಸೈಪ್ರಸ್ ದ್ವೀಪದ ಹಳೆಯ ಸಮಾಧಿಯಲ್ಲಿ ಸಿಕ್ಕ ಚಿನ್ನದ ಉಂಗುರಗಳ ಮೇಲೂ ಇದೇ ಗಾಜು, 3,000 ವರ್ಷಕ್ಕೂ ಹಳೆಯದು. ಚೀಟಿಯಲ್ಲಿ "ತಾಮ್ರದ ಮೇಲೆ ಮೀನಾ ಕೆಲಸ, ಗಾಜಿನ ಪುಡಿಯನ್ನು ಬೆಂಕಿಯಲ್ಲಿ ಕರಗಿಸಿ ಮಾಡಿದ್ದು" ಅಂತ ಬರೆದಿದ್ದರೆ ಆ ಹೆಂಡತಿ ಗಂಡನಿಗೆ ತಾನೇ ಹೇಳ್ತಿದ್ದಳು, ಇದು ಗೇಟಿನ ಬಣ್ಣ ಅಲ್ಲ ಅಂತ. ಆಕೆಯ ಕಿವಿಯಲ್ಲೇ ಇತ್ತೇನೋ.

ಬಿದ್ರಿ ತಗೊಳ್ಳಿ. ನಮ್ಮ ಕಡೆಯ ಎಂಟನೇ ಕ್ಲಾಸಿನ ಮಕ್ಕಳನ್ನು ಕೇಳಿದರೂ ಹೇಳ್ತಾರೆ. ಸತುವಿಗೆ ಸ್ವಲ್ಪ ತಾಮ್ರ ಸೇರಿಸಿ ಎರಕ ಹೊಯ್ಯೋದು, ಕೆತ್ತಿ ಬೆಳ್ಳಿ ಕೂರಿಸೋದು, ಬೀದರ್ ಕೋಟೆಯ ಮಣ್ಣಿನ ಜೊತೆ ನವಸಾಗರ ಹಾಕಿ ಕಪ್ಪು ಮಾಡೋದು. ಅಷ್ಟೂ ಗೊತ್ತು. ಯಾಕೆ ಗೊತ್ತು? ನಮ್ಮ ಮಾತಿನಲ್ಲಿ ಮತ್ತೆ ಮತ್ತೆ ಹೇಳಿದ್ದಾರೆ, ಅದಕ್ಕೆ. ಶಾ ರಶೀದ್ ಅಹ್ಮದ್ ಖಾದ್ರಿಯವರಿಗೆ 2023ರಲ್ಲಿ ಪದ್ಮಶ್ರೀ ಬಂದಾಗ ನಮ್ಮ ಓಣಿಯ ಕಿರಾಣಿ ಅಂಗಡಿಯವರೂ ಆ ಕೋಟೆಯ ಮಣ್ಣಿನ ಕತೆ ಹೇಳ್ತಾ ಇದ್ದರು. ಹೇಗೆ ಮಾಡ್ತಾರೆ ಅಂತ ಗೊತ್ತಿರೋದಕ್ಕೆ ಆ ಹೆಮ್ಮೆ. ಬಿದ್ರಿಯ ಪಕ್ಕ ಬರೀ ಇಂಗ್ಲಿಷಿನಲ್ಲಿ "ಜಿಂಕ್ ಅಲಾಯ್" ಅಂತ ಬರೆದು ಇಟ್ಟಿದ್ದರೆ ಅದನ್ನೂ ಕಬ್ಬಿಣದ ಹೂಜಿ ಅಂತ ದಾಟಿ ಹೋಗ್ತಿದ್ದೆವು.

ಜನಕ್ಕೆ ಇದೆಲ್ಲ ತಿಳಿಯಲ್ಲ, ಆಸಕ್ತಿ ಇಲ್ಲ ಅಂತ ಹೇಳೋರಿಗೆ ಇವತ್ತಿನ ಇನ್ನೊಂದು ಸಂಗತಿ ಹೇಳ್ತೀನಿ. ಸಂಜೆ ಹಾಲಿನ ಒಂದು ಫ್ಯಾನ್ ಕೆಟ್ಟಿತ್ತು. ರಿಪೇರಿಗೆ ಒಬ್ಬ ಹುಡುಗ ಬಂದ. ಇಪ್ಪತ್ತೆರಡು-ಇಪ್ಪತ್ಮೂರು ಇರಬಹುದು, ಮೋಟಾರ್ ವೈಂಡಿಂಗ್ ಅಂಗಡಿಯವನು. ಏಣಿ ಇಳಿದು ಕೈ ಒರೆಸಿಕೊಳ್ತಾ ಆ ನೀಲಿ ತಟ್ಟೆಯ ಮುಂದೆ ನಿಂತ.

"ಮೇಡಂ, ನಾವು ಸುತ್ತೋ ತಾಮ್ರದ ತಂತಿಗೂ ಎನಾಮಲ್ ಅಂತಾರ್ರಿ. ಇದೂ ಅದೇ ಏನ್ರಿ?"

ಹೌದಲ್ಲ! ಎನಾಮಲ್ ವೈರ್. ಆ ತಂತಿಯ ಮೇಲಿರೋದು ಒಂದು ಬಗೆಯ ವಾರ್ನಿಷ್. ಇನ್ನೊಂದು ಎನಾಮಲ್. ನನಗೆ ಹೊಳೆದೇ ಇರಲಿಲ್ಲ.

ಇಲ್ಲಪ್ಪ, ಇದು ಗಾಜು, 800 ಡಿಗ್ರಿಯಲ್ಲಿ ಸುಟ್ಟಿದ್ದು ಅಂದೆ. ಅವನು ಒಂದು ಗಳಿಗೆ ಸುಮ್ನೆ ನಿಂತ. ಆಮೇಲೆ ಕೇಳಿದ.

"ಅಷ್ಟ್ ಕಾಸಿದ್ರ ತಾಮ್ರ ಮೆತ್ತಗ ಆಗ್ತದಲ್ರಿ. ತಗಡ ಬಾಗಂಗಿಲ್ಲೇನ್ರಿ?"

ನಾನು ಕಲಾವಿದೆಯನ್ನು ಕರೆದು ಹಿಂದಿಯಲ್ಲಿ ಆ ಪ್ರಶ್ನೆ ದಾಟಿಸಿದೆ. ಆಕೆಯ ಮುಖ ಅರಳಿದ್ದನ್ನು ನೀವು ನೋಡಬೇಕಿತ್ತು. ನಾಲ್ಕು ದಿನದಲ್ಲಿ ಯಾರೂ ಇದನ್ನು ಕೇಳಿರಲಿಲ್ಲ ಅಂದರು. ಅವನು ಹೇಳಿದ್ದು ಸರಿ, ಕಾಯಿಸಿದ ತಾಮ್ರ ಮೆತ್ತಗಾಗುತ್ತೆ. ಅದಕ್ಕೇ ತಗಡಿಗೆ ಮೊದಲೇ ಉಬ್ಬು ಕೊಡೋದು. ಉಬ್ಬಿದ್ದರೆ ಆಕಾರ ಗಟ್ಟಿ ನಿಲ್ಲುತ್ತೆ. ಚಪ್ಪಟೆ ಬಿಟ್ಟರೆ ಬಾಗುತ್ತೆ, ಗಾಜು ಒಡೆಯುತ್ತೆ. ಆಕೆ ಅವನಿಗೆ ಆ ಮೂಲೆಯಲ್ಲಿಟ್ಟಿದ್ದ ಒಡೆದ ಬಟ್ಟಲನ್ನೂ ತೋರಿಸಿದರು. ಎಂಟನೇ ಸಲ ಸುಡುವಾಗ ಬಿರುಕು ಬಿಟ್ಟದ್ದು. ಅದನ್ನೂ ಪ್ರದರ್ಶನಕ್ಕೆ ಇಟ್ಟಿದ್ದಾರೆ. ಹುಡುಗ ಆ ಬಿರುಕಿನ ಮೇಲೆ ಬೆರಳಾಡಿಸದೆ, ಬೆರಳನ್ನು ಸ್ವಲ್ಪ ಮೇಲೆಯೇ ಹಿಡಿದು ಅದರ ದಾರಿಯಲ್ಲಿ ಓಡಿಸಿದ. ಕೆಲಸ ಗೊತ್ತಿರುವವರ ಕೈ ಹಾಗೇ ಇರುತ್ತೆ. ಇಪ್ಪತ್ತು ನಿಮಿಷ ಇದ್ದ. ಅಂಗಡಿಯಿಂದ ಫೋನ್ ಬಂದ ಮೇಲೆ ಹೋದ. ಫ್ಯಾನ್ ರಿಪೇರಿಗೆ ಬಂದ ಹುಡುಗನಿಗೆ ಗಾಜು ಅಂತ ಒಂದು ಮಾತು ಕನ್ನಡದಲ್ಲಿ ಹೇಳಿದ್ದಕ್ಕೆ ಇಷ್ಟಾಯ್ತು. ಆ ಕುಟುಂಬಕ್ಕೆ ಹೇಳಲಿಲ್ಲ, ಅದಕ್ಕೆ ಅಷ್ಟಾಯ್ತು.

ಇಷ್ಟು ಸಿಟ್ಟು ಯಾಕೆ ನನಗೆ ಅಂತ ದಾರಿಯುದ್ದಕ್ಕೂ ಯೋಚನೆ ಮಾಡ್ತಾ ಬಂದೆ. ಒಂದು ವಿಷಯ ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ.

ತುಂಬ ವರ್ಷದ ಹಿಂದೆ ಶಾಲೆಯ ಮಕ್ಕಳನ್ನು ಬೀದರ್‌ಗೆ ಪ್ರವಾಸ ಕರ್ಕೊಂಡು ಹೋಗಿದ್ದೆ. ಮಹಮೂದ್ ಗವಾನ್ ಮದರಸಾ ಮುಂದೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಹೇಳ್ತಾ ಇದ್ದೆ. 1472ರಲ್ಲಿ ಕಟ್ಟಿದ್ದು, ಆಮೇಲೆ ಮದ್ದಿನ ಸ್ಫೋಟಕ್ಕೆ ಒಂದು ಭಾಗ ಬಿದ್ದು ಹೋಯ್ತು ಅಂತೆಲ್ಲ. ಉಳಿದ ಮಿನಾರಿನ ಮೇಲೆ ಇನ್ನೂ ನೀಲಿ, ಹಸಿರು, ಬಿಳಿ ಹಾಗೇ ಇದೆಯಲ್ಲ. ಒಬ್ಬ ಹುಡುಗಿ ಕೈ ಎತ್ತಿದಳು. "ಟೀಚರ್, ಇಷ್ಟ್ ವರ್ಷ ಮಳಿ ಹೊಡದ್ರೂ ಈ ಬಣ್ಣ ಯಾಕ ಹೋಗಿಲ್ಲ?"

"ಆಗಿನ ಕಾಲದ ಬಣ್ಣ ಗಟ್ಟಿ ಇರ್ತಿತ್ತಮ್ಮ" ಅಂದೆ.

ಅದು ಬಣ್ಣವೇ ಅಲ್ಲ. ಅದೂ ಗಾಜು. ಮಣ್ಣಿನ ಹೆಂಚಿನ ಮೇಲೆ ಗಾಜಿನ ಪದರ ಕೊಟ್ಟು ಭಟ್ಟಿಯಲ್ಲಿ ಸುಟ್ಟದ್ದು. ಗೋಡೆಗೆ ಬಳಿದದ್ದಲ್ಲ, ಸುಟ್ಟ ಹೆಂಚನ್ನು ಗೋಡೆಗೆ ಕೂರಿಸಿದ್ದು. ಬಣ್ಣ ಗಾಜಿನೊಳಗೇ ಕರಗಿದೆ, ಅದಕ್ಕೆ ಐದೂವರೆ ನೂರು ವರ್ಷದ ಬಿಸಿಲು ಮಳೆಗೂ ಮಾಸಿಲ್ಲ. ಅಲ್ಲಿ ಮಣ್ಣು, ಇಲ್ಲಿ ತಾಮ್ರ, ಮೇಲೆ ಕೂತಿರೋದು ಗಾಜೇ. ಆ ಹುಡುಗಿ ಕೇಳಿದ್ದು ಎಷ್ಟು ಸರಿಯಾದ ಪ್ರಶ್ನೆ! ಡ್ರಾಯಿಂಗ್ ಟೀಚರ್ ಆಗಿ ನಾನು ತಪ್ಪು ಉತ್ತರ ಕೊಟ್ಟು ಕೂರಿಸಿದೆ. ನನಗೂ ಯಾರೂ ಹೇಳಿರಲಿಲ್ಲ. ಹೇಳಿರಲಿಲ್ಲ ಅನ್ನೋದು ನಿಜ, ನಾನು ಕೇಳಿರಲಿಲ್ಲ ಅನ್ನೋದೂ ನಿಜ. ಆಕೆ ಈಗ ಎಲ್ಲಿದ್ದಾಳೋ. ಈ ಬರಹ ಅವಳ ಕಣ್ಣಿಗೆ ಬಿದ್ದರೆ, ನಾನು ಅವತ್ತು ಹೇಳಿದ್ದು ತಪ್ಪಮ್ಮ.

ಇನ್ನೊಂದೂ ಇದೆ. ಬರೆಯಲೋ ಬೇಡವೋ ಅಂತ ಯೋಚಿಸಿ ಬರೀತಿದ್ದೀನಿ. ನಮ್ಮ ಹಳ್ಳಿ ಮನೆಯ ಹಿತ್ತಲಿನ ಗೂಡಿನಲ್ಲಿ ಒಂದು ಬಿಳಿ ತಟ್ಟೆ ಇತ್ತು, ನೀಲಿ ಅಂಚಿನದು. ಪಿಂಗಾಣಿ ತಟ್ಟೆ ಅಂತಿದ್ದೆವು. ಅಂಚಿನಲ್ಲಿ ಒಂದು ಕಡೆ ಚಕ್ಕೆ ಹಾರಿ ಕಪ್ಪು ಕಬ್ಬಿಣ ಕಾಣ್ತಿತ್ತು. ಹೊಲದ ಕೆಲಸಕ್ಕೆ ಬರುತ್ತಿದ್ದ ಕಾಕಾ ಊಟ ಮಾಡ್ತಿದ್ದದ್ದು ಅದರಲ್ಲೇ. ತೊಳೆದು ಅಲ್ಲೇ ಇಟ್ಟು ಹೋಗ್ತಿದ್ದರು. ಮನೆಯವರು ಯಾರೂ ಅದನ್ನು ಮುಟ್ಟುತ್ತಿರಲಿಲ್ಲ. ನಾನೂ ಮುಟ್ಟಲಿಲ್ಲ. ಅದೂ ಇದೇ ಕೆಲಸ, ಕಬ್ಬಿಣದ ತಗಡಿನ ಮೇಲೆ ಗಾಜು. ಆ ಚಕ್ಕೆ ಹಾರಿದ ಜಾಗವನ್ನು ಒಮ್ಮೆ ಬೆರಳಿಟ್ಟು ನೋಡಿದ್ದರೆ ಗೊತ್ತಾಗ್ತಿತ್ತು, ಗಾಜಿನ ಅಂಚು ಎಷ್ಟು ದಪ್ಪ, ಲೋಹ ಎಲ್ಲಿ ಶುರು ಅಂತ. ಬಾಲ್ಯದುದ್ದಕ್ಕೂ ಮನೆಯಲ್ಲೇ ಇದ್ದ ವಸ್ತು. ಅದನ್ನು ಮೊದಲ ಸಲ ತಿಳಿದದ್ದು ಈ ವಾರ, ವಡೋದರಾದಿಂದ ಬಂದ ಒಬ್ಬಾಕೆಯ ಕೈಯಿಂದ. ಕಾಕಾ ತೀರಿಹೋಗಿ ಎಷ್ಟೋ ವರ್ಷ ಆಯ್ತು.

ಸಂಘಟಕರಲ್ಲಿ ಒಬ್ಬರಿಗೆ ಹೇಳಿದೆ. ಚೀಟಿಗಳನ್ನು ಕನ್ನಡದಲ್ಲೂ ಹಾಕಿ, ನಾನೇ ಬರೆದು ಕೊಡ್ತೀನಿ, ಪ್ರಿಂಟಿನ ಖರ್ಚೂ ನನ್ನದೇ ಅಂದೆ. ಮುಂದಿನ ಸಲ ನೋಡೋಣ ಮೇಡಂ ಅಂದರು. ಮುಂದಿನ ಸಲ ಅಂದರೆ ಯಾವಾಗ? ಇಂಥ ಪ್ರದರ್ಶನ ನಮ್ಮೂರಿಗೆ ಮತ್ತೆ ಯಾವಾಗ ಬರುತ್ತೆ? ನನ್ನ ಇಷ್ಟು ವರ್ಷದಲ್ಲಿ ನಾನು ನೋಡಿದ್ದು ಇದೇ ಮೊದಲು.

ಅದಕ್ಕೆ ಹಾಲ್‌ನಿಂದ ಹೊರಡುವ ಮೊದಲು ಕಲಾವಿದರಿಬ್ಬರನ್ನೂ ಕೇಳಿ ಬಂದೆ. ಒಪ್ಪಿದ್ದಾರೆ. ಪ್ರದರ್ಶನ ಭಾನುವಾರದವರೆಗೆ ಇದೆ. ದಿನಾ ಸಂಜೆ ನಾಲ್ಕರಿಂದ ಏಳರವರೆಗೆ ನಾನು ಅಲ್ಲೇ ಇರ್ತೀನಿ, ಒಂದು ಕುರ್ಚಿ ಹಾಕ್ಕೊಂಡು, ಆ ನೀಲಿ ತಟ್ಟೆಯ ಪಕ್ಕ. ಗಾಜಿನ ಪುಡಿಯ ನಾಲ್ಕು ಶೀಷೆ ಮತ್ತು ಸಾಣಿಗೆ ಕೊಡ್ತೀನಿ ಅಂದಿದ್ದಾರೆ. ಮಕ್ಕಳನ್ನು ಕರ್ಕೊಂಡು ಬನ್ನಿ. ತಟ್ಟೆ ತಿರುಗಿಸಿ ಹಿಂಭಾಗದ ಮೂರು ಕಲೆ ತೋರಿಸ್ತೀನಿ, ಉಗುರಿನಿಂದ ತಟ್ಟೋಕೂ ಕೊಡ್ತೀನಿ. ಇವತ್ತು ಮಧ್ಯಾಹ್ನ ಬಂದು ಹೋದ ಆ ಕುಟುಂಬ ಯಾರಿಗಾದರೂ ಗೊತ್ತಿದ್ದರೆ, ಮಗಳು ಹಳದಿ ಫ್ರಾಕ್ ಹಾಕಿದ್ದಳು, ದಯವಿಟ್ಟು ಇನ್ನೊಂದು ಸಲ ಬರೋಕೆ ಹೇಳಿ.